ನಿಧಾನ ಚಲನೆಯ ಲಾಭ: ಚೀಗಾಂಗ್ ಮತ್ತು ತೈ ಚಿ ದೇಹಕ್ಕೆ ಮಾಡುವುದೇನು?

1973ರಲ್ಲಿ ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದಲ್ಲಿ, ಮಾವಾಂಗ್‌ಡುಯಿ ಎಂಬಲ್ಲಿನ ಹಳೆಯ ಸಮಾಧಿಯನ್ನು ಅಗೆಯುವಾಗ ರೇಷ್ಮೆ ಬಟ್ಟೆಯ ಮೇಲೆ ಬಿಡಿಸಿದ ಚಿತ್ರವೊಂದು ಸಿಕ್ಕಿತು. ಅದು ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ. ಚಿತ್ರದಲ್ಲಿ 44 ಜನರಿದ್ದಾರೆ, ಗಂಡಸರೂ ಹೆಂಗಸರೂ. ಒಬ್ಬರು ಕೈ ಮೇಲೆತ್ತಿದ್ದಾರೆ, ಇನ್ನೊಬ್ಬರು ಸೊಂಟ ಬಾಗಿಸಿದ್ದಾರೆ. ಕೆಲವು ಭಂಗಿಗಳ ಪಕ್ಕದಲ್ಲಿ ಅದು ಯಾವ ನೋವಿಗೆ ಎಂದೂ ಬರೆದಿದೆ. ಇಂದು ಚೀನಾದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ಮಾಡುವ ಚೀಗಾಂಗ್ ಮತ್ತು ತೈ ಚಿ ಎಂಬ ನಿಧಾನ ಚಲನೆಯ ವ್ಯಾಯಾಮಗಳ ಹಿಂದೆ ಇಷ್ಟು ಹಳೆಯ ಅಭ್ಯಾಸವಿದೆ.

ದೇಹದಲ್ಲಿ ‘ಚೀ’ ಎಂಬ ಶಕ್ತಿ ಹರಿಯುತ್ತದೆ, ಹರಿವು ಕಟ್ಟಿದರೆ ಕಾಯಿಲೆ, ಸರಾಗವಾದರೆ ಆರೋಗ್ಯ ಎಂಬುದು ಈ ಪದ್ಧತಿಯ ನಂಬಿಕೆ. ಯಾವ ಉಪಕರಣವೂ ಆ ಶಕ್ತಿಯನ್ನು ಇದುವರೆಗೆ ಅಳೆದು ತೋರಿಸಿಲ್ಲ. ಆದರೂ ಈ ವ್ಯಾಯಾಮದಿಂದ ಆಗುವ ಕೆಲವು ಲಾಭಗಳು ನಿಜ, ಪರೀಕ್ಷೆಯಲ್ಲಿ ಗೆದ್ದು ಬಂದಂಥವು. ಅವುಗಳನ್ನು ಅರ್ಥಮಾಡಿಕೊಳ್ಳಲು ಚೀಯನ್ನು ನಂಬಲೇಬೇಕೆಂದಿಲ್ಲ. ಚೀಯನ್ನು ನಂಬುವುದಿಲ್ಲ ಎಂಬ ಕಾರಣಕ್ಕೆ ವ್ಯಾಯಾಮವನ್ನೇ ತಳ್ಳಿಹಾಕುವುದೂ ನಷ್ಟ.

ತೈ ಚಿಯಲ್ಲಿ ಒಂದೇ ಒಂದು ಹೆಜ್ಜೆ ಮುಂದಿಡುವುದನ್ನು ಹತ್ತಿರದಿಂದ ನೋಡಿ. ಮಂಡಿ ತುಸು ಬಾಗಿರುತ್ತದೆ. ಮೊದಲು ಮೈಭಾರವೆಲ್ಲ ಬಲಗಾಲಿಗೆ ಹೋಗಬೇಕು. ಎಡಗಾಲಿನ ಮೇಲೆ ಭಾರವೇ ಇಲ್ಲದಂತಾದ ಮೇಲೆ ಅದನ್ನು ಎತ್ತಿ ಮುಂದೆ ಚಾಚಿ, ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಬೇಕು. ಇಷ್ಟಾದರೂ ಭಾರ ಇನ್ನೂ ಹಿಂದಿನ ಕಾಲಿನಲ್ಲೇ ಇರುತ್ತದೆ. ಬೇಕೆಂದರೆ ಮುಂದಿನ ಕಾಲನ್ನು ಹಾಗೇ ವಾಪಸ್ ತೆಗೆದುಕೊಳ್ಳಬಹುದು. ಆಮೇಲೆ ಪಾದವನ್ನು ಪೂರ್ತಿ ಊರಿ, ಭಾರವನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ತರಬೇಕು. ನಾವು ದಿನಾ ನಡೆಯುವುದು ಹೀಗಲ್ಲ. ಪ್ರತಿ ಹೆಜ್ಜೆಗೂ ಮುಂದಕ್ಕೆ ವಾಲಿ, ಬೀಳುವ ಮೊದಲು ಇನ್ನೊಂದು ಕಾಲು ಕೊಟ್ಟು ಸಾವರಿಸಿಕೊಳ್ಳುತ್ತೇವೆ. ವಯಸ್ಸಾದಂತೆ ಆ ಸಾವರಿಸಿಕೊಳ್ಳುವ ಚುರುಕು ಕಡಿಮೆಯಾಗುತ್ತದೆ.

ನೆಟ್ಟಗೆ ನಿಲ್ಲಬೇಕೆಂದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು: ಕಣ್ಣಿನಿಂದ, ಒಳಕಿವಿಯಿಂದ, ಅಂಗಾಲು, ಕೀಲು ಮತ್ತು ಸ್ನಾಯುಗಳಿಂದ. ಪ್ರಾಯ ಸಂದಂತೆ ಮೂರೂ ಮಂದವಾಗುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅಂಗಾಲಿನ ಸ್ಪರ್ಶ ಇನ್ನೂ ಬೇಗ ಕುಂದಬಹುದು. ಒಂಟಿ ಕಾಲಿನ ಮೇಲೆ ನಿಧಾನವಾಗಿ ಭಾರ ಹೊತ್ತು, ಇಳಿಸಿ, ಮತ್ತೆ ಹೊರುವ ಅಭ್ಯಾಸ ತೊಡೆ ಮತ್ತು ಕಣಕಾಲಿನ ಸ್ನಾಯುಗಳಿಗೆ ಬಲ ಕೊಡುತ್ತದೆ, ಪಾದ ಎಲ್ಲಿದೆ ಎಂಬ ಅರಿವನ್ನೂ ಹರಿತಗೊಳಿಸುತ್ತದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ ಎಂಬ ಮಾತು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ! ಹಾಗಾಗಿ ಬೀಳುವುದನ್ನು ತಡೆಯುವ ಯಾವ ಅಭ್ಯಾಸವನ್ನೂ ನಾನು ಚಿಕ್ಕದೆಂದು ಎಣಿಸಲಾರೆ.

2012ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಸಂಶೋಧಕರು ಪಾರ್ಕಿನ್ಸನ್ ಕಾಯಿಲೆಯ 195 ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ತೈ ಚಿ, ಇನ್ನೊಂದಕ್ಕೆ ಸ್ನಾಯುಬಲದ ವ್ಯಾಯಾಮ, ಮೂರನೆಯದಕ್ಕೆ ಮೈ ಚಾಚುವ ಸರಳ ವ್ಯಾಯಾಮ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ದೇಹದ ಸಮತೋಲನದಲ್ಲಿ ತೈ ಚಿ ಗುಂಪು ಉಳಿದ ಎರಡನ್ನೂ ಮೀರಿಸಿತು. ಮೈ ಚಾಚಿದವರಿಗಿಂತ ಇವರು ಬಿದ್ದದ್ದೂ ಕಡಿಮೆ. ಸ್ನಾಯುಬಲದ ಗುಂಪಿಗೆ ಹೋಲಿಸಿದರೆ ಮಾತ್ರ ಬೀಳುವ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮಂಡಿ ಸವೆತದ 204 ಜನರಿಗೆ ತೈ ಚಿ ಕೊಟ್ಟ ಉಪಶಮನ ಮಾಮೂಲಿ ಫಿಸಿಯೋಥೆರಪಿಯಷ್ಟೇ ಇತ್ತು. ಇಂಥ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ಮಾತ್ರೆಯಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ರೋಗಿಗೆ ತಿಳಿಯದಂತೆ ಕೊಡಬಹುದು. ತೈ ಚಿ ಮಾಡುವವರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತೇ ಇರುತ್ತದೆ. ‘ಇದರಿಂದ ಗುಣವಾಗುತ್ತದೆ’ ಎಂಬ ನಿರೀಕ್ಷೆಯ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ.

ಉಸಿರಿನ ಮಾತು ಬೇರೆ. ಚೀಗಾಂಗ್‌ನಲ್ಲಿ ಹೊಟ್ಟೆ ಉಬ್ಬುವಂತೆ ಆಳವಾಗಿ, ನಿಧಾನವಾಗಿ ಉಸಿರಾಡುತ್ತಾರೆ. ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರು ಇಳಿದಾಗ ಹೃದಯದ ಬಡಿತ ಉಸಿರಿನ ಜೊತೆಗೇ ಏರಿಳಿಯತೊಡಗುತ್ತದೆ, ರಕ್ತದ ಒತ್ತಡವನ್ನು ಹದದಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಗುತ್ತದೆ, ಮನಸ್ಸು ತಣಿಯುತ್ತದೆ. ಪ್ರಾಣಾಯಾಮ ಮಾಡುವವರಿಗೆ ಈ ಅನುಭವ ಹೊಸದಲ್ಲ.

ಚೀಗಾಂಗ್ ಎಂಬ ಹೆಸರಿನಡಿ ಹಲವು ಹಳೆಯ ಅಭ್ಯಾಸಗಳನ್ನು ಒಟ್ಟುಗೂಡಿಸಿ ಚಿಕಿತ್ಸಾ ಪದ್ಧತಿಯ ರೂಪ ಕೊಟ್ಟದ್ದು 1950ರ ದಶಕದಲ್ಲಿ. ಲಿಯು ಗುಯಿಝೆನ್ ಎಂಬ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರು ತಮ್ಮ ಹೊಟ್ಟೆಹುಣ್ಣು ಇದರಿಂದ ವಾಸಿಯಾಯಿತೆಂದು ನಂಬಿ, ಹೆಬೇ ಪ್ರಾಂತ್ಯದಲ್ಲಿ ಚೀಗಾಂಗ್ ಆರೋಗ್ಯಧಾಮ ನಡೆಸಿದರು. ಮಾವೋ ಹಳೆಯ ಆಚಾರಗಳ ವಿರುದ್ಧ ನಡೆಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ (1966–76) ಅದಕ್ಕೆಲ್ಲ ತಡೆ ಬಿತ್ತು. 1980ರ ದಶಕದಲ್ಲಿ ಮತ್ತೆ ಅಲೆ ಎದ್ದಾಗ, ದೂರದಿಂದಲೇ ಅಂಗೈ ಚಾಚಿ ರೋಗ ವಾಸಿಮಾಡುತ್ತೇವೆ ಎನ್ನುವ ಗುರುಗಳು ಹುಟ್ಟಿಕೊಂಡರು. 1988ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಇದ್ದ ತಂಡವೊಂದು ಚೀನಾಕ್ಕೆ ಹೋಗಿ ಇಂಥ ಒಬ್ಬರನ್ನು ಪರೀಕ್ಷಿಸಿತು. ಗುರುವನ್ನೂ ರೋಗಿಯನ್ನೂ ಬೇರೆಬೇರೆ ಕೋಣೆಯಲ್ಲಿ ಇಟ್ಟರು. ಗುರು ಶಕ್ತಿ ಕಳಿಸಿದರೂ ಸರಿ, ಸುಮ್ಮನಿದ್ದರೂ ಸರಿ, ರೋಗಿ ಮೈ ಕುಣಿಸುತ್ತಲೇ ಇದ್ದರು. ಎರಡಕ್ಕೂ ಹೊಂದಿಕೆಯೇ ಇರಲಿಲ್ಲ. ದುಡ್ಡು ಕೊಟ್ಟು ಅಂಥವರ ಮುಂದೆ ಕೂರುವ ಮೊದಲು ಈ ಪರೀಕ್ಷೆಯನ್ನು ನೆನಪಿಸಿಕೊಳ್ಳಬೇಕು.

ಇದೇ ಪರಂಪರೆಯ ಗಿಡಮೂಲಿಕೆಗಳ ಕಥೆಯೂ ಹೀಗೇ ಎರಡು ಬಗೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ಗೆ ಹಾಂಗ್ ಬರೆದ 4ನೇ ಶತಮಾನದ ವೈದ್ಯಗ್ರಂಥದಲ್ಲಿ ಒಂದು ಸುಳಿವು ಸಿಕ್ಕಿತು: ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಕುದಿಸುವ ಮಾತೇ ಅಲ್ಲಿರಲಿಲ್ಲ. ಬಿಸಿಗೆ ಮದ್ದಿನ ಗುಣ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1972ರಲ್ಲಿ ಅವರ ತಂಡ ಬೇರ್ಪಡಿಸಿದ ಆರ್ಟೆಮಿಸಿನಿನ್ ಲಕ್ಷಾಂತರ ಜೀವ ಉಳಿಸಿತು, 2015ರಲ್ಲಿ ತು ಅವರಿಗೆ ನೊಬೆಲ್ ಬಂತು. ಇನ್ನೊಂದು ಕಡೆ, 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಬೆರೆಸಿದ ಮಾತ್ರೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್‌ಗೂ ಕಾರಣವೆಂದು ಆಮೇಲೆ ತಿಳಿಯಿತು.

ಕಲಿಯಬೇಕೆನ್ನುವವರು ಎಂಟೇ ಚಲನೆಗಳ ‘ಬಾ ದುವಾನ್ ಜಿನ್’ ಎಂಬ ಚೀಗಾಂಗ್ ಕ್ರಮದಿಂದ ಶುರುಮಾಡಬಹುದು. ಮೊದಲನೆಯದರಲ್ಲಿ ಹೊಟ್ಟೆಯ ಮುಂದೆ ಬೆರಳು ಹೆಣೆದು, ಉಸಿರೆಳೆಯುತ್ತ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಅಂಗೈ ತಿರುಗಿಸಿ ಆಕಾಶವನ್ನು ಎತ್ತುವಂತೆ ಮೇಲಕ್ಕೆ ಚಾಚುತ್ತಾರೆ. ಕೊನೆಯದರಲ್ಲಿ ಹಿಮ್ಮಡಿ ಎತ್ತಿ, ನೆಲಕ್ಕೆ ಮೆಲ್ಲಗೆ ಕುಕ್ಕುತ್ತಾರೆ. ಮೂಳೆ ಸವೆದವರು ಕುಕ್ಕದೆ ಹಗುರವಾಗಿ ಇಳಿಸಬೇಕು. ಬಾಗಿದ ಮಂಡಿ ಕಾಲಿನ ಬೆರಳುಗಳನ್ನು ದಾಟಿ ಮುಂದೆ ಹೋಗದಿರಲಿ. ಬಿ.ಪಿ., ಶುಗರ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡುವಂತಿಲ್ಲ. ತಲೆಸುತ್ತು ಬರುವವರು ಗೋಡೆಯ ಪಕ್ಕ ನಿಂತು ಮಾಡಬಹುದು. ನಿಲ್ಲಲಾಗದವರಿಗೆ ಕುರ್ಚಿಯಲ್ಲಿ ಕೂತು ಮಾಡುವ ಕ್ರಮವೂ ಇದೆ.