ಜಿಂಕೆ ತಾಳ ತಪ್ಪಿದರೆ

ಎಫ್5 ಕೀಲಿಯನ್ನು ಒತ್ತಿದರೆ 1998. ಮತ್ತೊಮ್ಮೆ ಒತ್ತಿದರೆ 2017. ‘ಸ್ಟಾರ್‌ಕ್ರಾಫ್ಟ್: ರಿಮಾಸ್ಟರ್ಡ್’ 1998ರ ಒಂದು ಕಂಪ್ಯೂಟರ್ ಯುದ್ಧದಾಟಕ್ಕೆ 2017ರಲ್ಲಿ ಹೊಸ ಚಿತ್ರಗಳನ್ನು ತೊಡಿಸಿದ ಆವೃತ್ತಿ. ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಒಂದು ಕೀಲಿ. ಯುದ್ಧ ನಡೆಯುತ್ತಿರುವಾಗಲೇ ಅದನ್ನು ಒತ್ತಬಹುದು. ಈಗಷ್ಟೇ ಕವಚದ ಗೀರುಗಳೂ ಕಾಣುವಂತೆ ನಿಂತಿದ್ದ ಸೈನಿಕ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದಿಷ್ಟು ಚುಕ್ಕೆಗಳ ಮಸುಕು ಗೊಂಬೆಯಾಗುತ್ತಾನೆ. ಅವನ ನಡಿಗೆ ಮಾತ್ರ ಕದಲುವುದಿಲ್ಲ. ಹೊಸ ಚಿತ್ರದಲ್ಲಿ ಎತ್ತಿದ ಕಾಲನ್ನು ಹಳೆಯ ಚಿತ್ರದಲ್ಲಿ ಊರುತ್ತಾನೆ, ಅಷ್ಟೇ.

ಡ್ರಾಗೂನ್ ಎಂಬ ನಾಲ್ಕು ಕಾಲಿನ ಯಂತ್ರದ ಪೆದ್ದುತನವೂ ಹಾಗೆಯೇ ಉಳಿದಿದೆ. ಇಳಿಜಾರು ಹತ್ತಿ ಮೇಲೆ ಬಾ ಎಂದರೆ ಅದು ಇಳಿಜಾರಿನ ಬುಡದಲ್ಲಿ ಗಿರಕಿ ಹೊಡೆಯುತ್ತದೆ, ಜೊತೆಗಾರನಿಗೆ ಡಿಕ್ಕಿ ಹೊಡೆದು ಹಿಂದೆ ಸರಿಯುತ್ತದೆ, ಕೊನೆಗೆ ಯಾವುದೋ ಹಳೆಯ ಹಟದಿಂದ ಎದುರು ದಿಕ್ಕಿಗೆ ಹೊರಡುತ್ತದೆ. ಒಂದು ಸಲಕ್ಕೆ ಸೈನಿಕ, ಯಂತ್ರ ಮುಂತಾದ ಹನ್ನೆರಡು ಘಟಕಗಳಿಗಿಂತ ಹೆಚ್ಚು ಆರಿಸಲು ಆಗದು ಎಂಬ ನಿಯಮವೂ ಹತ್ತೊಂಬತ್ತು ವರ್ಷಗಳ ನಂತರ ಹಾಗೇ ಇದೆ. ಇದನ್ನು ಕಂಡವರು ‘ಹಳೆಯ ಗೋಡೆಗೆ ಹೊಸ ಸುಣ್ಣ, ಇನ್ನೇನಿಲ್ಲ’ ಎಂದು ಮೂಗು ಮುರಿಯುತ್ತಾರೆ. ಇನ್ನು ಕೆಲವರು ಇದನ್ನು ಹಳೆಯ ನೆನಪಿನ ವ್ಯಾಪಾರ ಎನ್ನುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಈ ಆಟಗಳ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿ ನೋಡಿದರೆ, ಸುಣ್ಣ ಬಳಿಯುವುದಕ್ಕಿಂತ ಹೆಚ್ಚಿನದನ್ನು ಮಾಡಲು ಪ್ರೋಗ್ರಾಮರುಗಳ ಕೈ ಏಕೆ ನಡುಗುತ್ತದೆ ಎಂಬುದು ತಿಳಿಯುತ್ತದೆ.

ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ಇಬ್ಬರು ಬೇರೆ ಬೇರೆ ಊರುಗಳಲ್ಲಿ ಕುಳಿತು ಈ ಆಟ ಆಡುತ್ತಿದ್ದಾರೆ. ಇಬ್ಬರ ಪರದೆಯ ಮೇಲೂ ಒಂದೇ ಯುದ್ಧ. ಅವರ ನಡುವಿನ ತಂತಿಯಲ್ಲಿ ಹರಿಯುತ್ತಿರುವುದೇನು? ನಾನು ಕೇಳಿದವರಲ್ಲಿ ಹೆಚ್ಚಿನವರ ಉತ್ತರ ‘ಚಿತ್ರ’. ಸ್ವಲ್ಪ ತಿಳಿದವರು ‘ಯಾವ ಸೈನಿಕ ಎಲ್ಲಿದ್ದಾನೆ ಎಂಬ ವಿವರ’ ಎನ್ನುತ್ತಾರೆ. ಎರಡೂ ತಪ್ಪು. ತಂತಿಯಲ್ಲಿ ಸೈನ್ಯ ಹೋಗುವುದೇ ಇಲ್ಲ.

ಹೋಗಲು ಜಾಗವೂ ಇರಲಿಲ್ಲ. ತೊಂಬತ್ತರ ದಶಕದ ಸಾಮಾನ್ಯ ಮೋಡೆಮ್‌ನ ವೇಗ ಸೆಕೆಂಡಿಗೆ 28,800 ಬಿಟ್, ಎಂದರೆ 3,600 ಬೈಟ್. ರಣರಂಗದಲ್ಲಿ 1,500 ಬಿಲ್ಲುಗಾರರಿದ್ದಾರೆ ಎಂದುಕೊಳ್ಳೋಣ. ಒಬ್ಬೊಬ್ಬನ ಸ್ಥಾನ, ದಿಕ್ಕು, ಉಳಿದ ಆಯುಸ್ಸು ಇವನ್ನು ಬಿಗಿಯಾಗಿ ಗಂಟು ಕಟ್ಟಿದರೂ 12 ಬೈಟ್ ಬೇಕು. ಸೆಕೆಂಡಿಗೆ ಹತ್ತು ಬಾರಿ ಕಳುಹಿಸಿದರೆ 1,80,000 ಬೈಟ್. ಮೋಡೆಮ್ ಹೊರುವ ಭಾರದ ಐವತ್ತು ಪಟ್ಟು. 1997ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಆಟದ ಪ್ರೋಗ್ರಾಮರುಗಳಾದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ ತಾವು ಪಟ್ಟ ಪಾಡನ್ನು 2001ರಲ್ಲಿ ಒಂದು ಪ್ರಬಂಧವಾಗಿ ಬರೆದಿಟ್ಟಿದ್ದಾರೆ. ಈ ಬಗೆಯಲ್ಲಿ ಕಳುಹಿಸಹೊರಟರೆ ಹೆಚ್ಚೆಂದರೆ 250 ಘಟಕಗಳು ಓಡಾಡಬಹುದು ಎಂಬುದು ಅವರ ಲೆಕ್ಕವಾಗಿತ್ತು. ಎಂಟು ಜನ ಆಡುವ ಆಟಕ್ಕೆ ಅದು ಎಲ್ಲಿಗೂ ಸಾಲದು.

ಅವರೂ ಸ್ಟಾರ್‌ಕ್ರಾಫ್ಟ್‌ನವರೂ ಹಿಡಿದ ದಾರಿ ಇದು. ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಡೀ ಜಗತ್ತನ್ನು ಬೇರೆಬೇರೆಯಾಗಿ ಓಡಿಸು. ತಂತಿಯಲ್ಲಿ ಆಜ್ಞೆಗಳನ್ನು ಮಾತ್ರ ಕಳುಹಿಸು. ‘ಈ ನಲವತ್ತು ಜನ ಆ ಬೆಟ್ಟದ ಬಳಿಗೆ ಹೋಗಲಿ’ ಎಂಬುದು ಒಂದು ಪುಟ್ಟ ಸಂದೇಶ. ನಲವತ್ತು ಜನ ಹೇಗೆ ನಡೆದರು, ಯಾರು ಮರವನ್ನು ಬಳಸಿ ಹೋದರು, ಯಾರ ಬಾಣ ಯಾರಿಗೆ ತಗುಲಿತು ಎಂಬುದನ್ನೆಲ್ಲ ಎರಡೂ ಕಡೆಯ ಕಂಪ್ಯೂಟರುಗಳು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಲೆಕ್ಕ ಒಂದೇ ಆಗಿದ್ದರೆ ಉತ್ತರವೂ ಒಂದೇ.

ಅಂಚೆಯಲ್ಲಿ ಚದುರಂಗ ಆಡುವವರನ್ನು ನೆನಪಿಸಿಕೊಳ್ಳಿ. ಅವರು ಹಲಗೆಯನ್ನು ಅಂಚೆಗೆ ಹಾಕುವುದಿಲ್ಲ. ಕಾರ್ಡಿನ ಮೇಲೆ ಒಂದು ನಡೆಯನ್ನು ಬರೆದು ಕಳುಹಿಸುತ್ತಾರೆ. ಇಬ್ಬರ ಮನೆಯಲ್ಲೂ ಒಂದೊಂದು ಹಲಗೆ, ಎರಡರ ಮೇಲೂ ಒಂದೇ ಸ್ಥಿತಿ. ಆದರೆ ಚದುರಂಗದ ಕಾಯಿ ತಾನಾಗಿ ನಡೆಯುವುದಿಲ್ಲವಾದ್ದರಿಂದ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾದರೆ ಎರಡು ಊರುಗಳಲ್ಲಿ ಒಂದೇ ರಾತ್ರಿ ಒಂದೇ ನಾಟಕ ಆಡುವ ಎರಡು ತಂಡಗಳನ್ನು ಊಹಿಸಿ. ಮಾತು, ಹೆಜ್ಜೆ, ನಿಟ್ಟುಸಿರು ಎಲ್ಲವೂ ಹಸ್ತಪ್ರತಿಯಲ್ಲಿವೆ. ನಡುವೆ ಎರಡೂ ತಂಡಗಳ ಕಿವಿಗೆ ‘ಈಗ ರಾಜ ಎಡಕ್ಕೆ ಬರಲಿ’ ಎಂಬ ಸೂಚನೆ ಬೀಳುತ್ತದೆ. ಎರಡು ರಂಗದ ಮೇಲೂ ರಾಜ ಎಡಕ್ಕೆ ಬರುತ್ತಾನೆ, ಅವನಿಗೆ ದಾರಿ ಬಿಡಲು ಇಬ್ಬರು ಭಟರು ಹಿಂದೆ ಸರಿಯುತ್ತಾರೆ, ಒಬ್ಬ ಎಡವುತ್ತಾನೆ. ಎಡವುವುದೂ ಎರಡೂ ಕಡೆ ಒಂದೇ ಗಳಿಗೆಯಲ್ಲಿ, ಒಂದೇ ಕಾಲಿಗೆ. ನನ್ನನ್ನು ಬೆರಗುಗೊಳಿಸುವುದು ಈ ಎಡವುವಿಕೆ.

ಎರಡೂ ಕಡೆ ಒಂದೇ ಗಳಿಗೆ ಎಂದೆ. ಅದಕ್ಕೊಂದು ತಾಳ ಬೇಕು. ‘ಏಜ್ ಆಫ್ ಎಂಪೈರ್ಸ್’ನಲ್ಲಿ ಆಟದ ಕಾಲವನ್ನು ಸುಮಾರು 200 ಮಿಲಿಸೆಕೆಂಡುಗಳ ಸರದಿಗಳಾಗಿ ಕತ್ತರಿಸಲಾಗುತ್ತದೆ. ಸಾವಿರನೇ ಸರದಿಯಲ್ಲಿ ನೀವು ಕೊಟ್ಟ ಆಜ್ಞೆ ಆ ಕ್ಷಣವೇ ಜಾರಿಯಾಗುವುದಿಲ್ಲ. ಸಾವಿರದ ಎರಡನೇ ಸರದಿಯಲ್ಲಿ ಎಲ್ಲರ ಯಂತ್ರಗಳಲ್ಲೂ ಒಟ್ಟಿಗೆ ಜಾರಿಯಾಗುತ್ತದೆ. ನಡುವಿನ ಅವಧಿ ಸಂದೇಶದ ಪ್ರಯಾಣಕ್ಕೆ ಮೀಸಲು. ಹಾಗಾದರೆ ವಿಳಂಬ ಗೊತ್ತಾಗುವುದಿಲ್ಲವೇ? 250 ಮಿಲಿಸೆಕೆಂಡುಗಳವರೆಗೆ ಯಾರೂ ಗಮನಿಸಲೇ ಇಲ್ಲ ಎನ್ನುತ್ತದೆ ಆ ಪ್ರಬಂಧ. ಇನ್ನೂ ಸ್ವಾರಸ್ಯದ ಮಾತೆಂದರೆ, ಒಮ್ಮೆ ಬೇಗ ಒಮ್ಮೆ ತಡವಾಗುವುದಕ್ಕಿಂತ ಯಾವಾಗಲೂ ಒಂದೇ ಸಮನೆ ತಡವಾಗುವುದನ್ನು ಜನ ಸಹಿಸಿಕೊಂಡರಂತೆ. ಕೈಗೆ ತಾಳ ಹತ್ತಿಬಿಡುತ್ತದೆ. ಸಾಲದ್ದಕ್ಕೆ, ನೀವು ಗುಂಡಿ ಒತ್ತಿದ ಕೂಡಲೇ ಸೈನಿಕ ‘ಆಗಲಿ’ ಎಂದು ಹೂಂಗುಟ್ಟುತ್ತಾನೆ. ಆ ದನಿ ನಿಮ್ಮ ಯಂತ್ರದ್ದು ಮಾತ್ರ, ಯಾರಿಗೂ ಕಾಯಬೇಕಿಲ್ಲ. ಕಿವಿಗೆ ಉತ್ತರ ಸಿಕ್ಕಿದರೆ ಕಣ್ಣು ಸ್ವಲ್ಪ ಕಾಯುತ್ತದೆ.

ಇಲ್ಲಿಯವರೆಗೆ ಸುಲಭ. ಅದೃಷ್ಟದ ಮಾತು ಬಂದಾಗಲೇ ತೊಡಕು. ಸ್ಟಾರ್‌ಕ್ರಾಫ್ಟ್‌ನಲ್ಲಿ ತಗ್ಗಿನಿಂದ ದಿಬ್ಬದ ಮೇಲಿನ ಶತ್ರುವಿಗೆ ಗುಂಡು ಹೊಡೆದರೆ ಹೆಚ್ಚುಕಡಿಮೆ ಅರ್ಧದಷ್ಟು ವ್ಯರ್ಥವಾಗುತ್ತವೆ. ಯಾವ ಗುಂಡು ತಗಲುತ್ತದೆ, ಯಾವುದು ತಪ್ಪುತ್ತದೆ? ಎರಡು ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ನಾಣ್ಯ ಚಿಮ್ಮಿದರೆ ಒಂದರಲ್ಲಿ ಬದುಕಿದವನು ಇನ್ನೊಂದರಲ್ಲಿ ಸತ್ತಿರುತ್ತಾನೆ.

ಉತ್ತರ ಈ ಆಟಗಳಿಗಿಂತ ಬಹಳ ಹಳೆಯದು. 1940ರ ದಶಕದಲ್ಲಿ ಪರಮಾಣು ಕುರಿತ ಲೆಕ್ಕಗಳಿಗಾಗಿ ಗಣಿತಜ್ಞ ಜಾನ್ ವಾನ್ ನಾಯ್ಮನ್‌ಗೆ ರಾಶಿ ರಾಶಿ ಯಾದೃಚ್ಛಿಕ, ಎಂದರೆ ಕ್ರಮವಿಲ್ಲದ, ಸಂಖ್ಯೆಗಳು ಬೇಕಾಗಿದ್ದವು. ಅವನು ಸೂಚಿಸಿದ ಉಪಾಯವನ್ನು ಪೆನ್ಸಿಲ್ ಹಿಡಿದು ನೀವೂ ಮಾಡಬಹುದು. 1234ನ್ನು ಅದರಿಂದಲೇ ಗುಣಿಸಿ: 01522756. ನಡುವಿನ ನಾಲ್ಕು ಅಂಕಿ ತೆಗೆಯಿರಿ: 5227. ಅದನ್ನು ಅದರಿಂದಲೇ ಗುಣಿಸಿದರೆ 27321529, ನಡುವಿನದು 3215. ಮತ್ತೆ ಮಾಡಿದರೆ 3362. ನೋಡುವವರಿಗೆ ಯಾವ ಕ್ರಮವೂ ಕಾಣದು, ಆದರೆ 1234ರಿಂದ ಹೊರಟ ಪ್ರತಿಯೊಬ್ಬರೂ ಇದೇ ಸಂಖ್ಯೆಗಳನ್ನು ಇದೇ ಸಾಲಿನಲ್ಲಿ ಪಡೆಯುತ್ತಾರೆ. ಈ ವಿಧಾನದಲ್ಲಿ ದೋಷಗಳಿವೆ. ಬೇಗ ಸೊನ್ನೆಗೆ ಬಿದ್ದುಹೋಗುತ್ತದೆ. ಅವನಿಗೂ ಅದು ಗೊತ್ತಿತ್ತು. ಆದರೂ ನಿಜವಾದ ಯಾದೃಚ್ಛಿಕತೆಗಿಂತ ಇದನ್ನೇ ಮೆಚ್ಚಿದ್ದಕ್ಕೆ ಒಂದು ಕಾರಣ, ತಪ್ಪು ಹುಡುಕಬೇಕಾದಾಗ ಅದೇ ಲೆಕ್ಕವನ್ನು ಅದೇ ಸಂಖ್ಯೆಗಳಿಂದ ಮತ್ತೆ ಓಡಿಸಬಹುದು ಎಂಬುದು.

ಆಟ ಆರಂಭವಾಗುವಾಗ ಎಲ್ಲ ಯಂತ್ರಗಳೂ 1234ರಂಥ ಒಂದು ಬೀಜಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. ಅಲ್ಲಿಂದ ಮುಂದಿನ ‘ಅದೃಷ್ಟ’ವೆಲ್ಲ ಅದರಿಂದಲೇ ಮೊಳೆಯುತ್ತದೆ. ಸಾಲಿನಲ್ಲಿ ನಿಂತವರಿಗೆ ಚೀಟಿ ಹಂಚಿದಂತೆ: ಮೊದಲ ಗುಂಡಿಗೆ ಮೊದಲ ಸಂಖ್ಯೆ, ಎರಡನೆಯದಕ್ಕೆ ಎರಡನೆಯದು. ಆದ್ದರಿಂದ ಸಂಖ್ಯೆಗಳು ಒಂದೇ ಆಗಿದ್ದರೆ ಸಾಲದು, ಕೇಳುವ ಸರತಿಯೂ ಒಂದೇ ಆಗಿರಬೇಕು. ಒಂದು ಯಂತ್ರದಲ್ಲಿ ಯಾರೋ ಒಬ್ಬ ನಡುವೆ ನುಗ್ಗಿ ಒಂದು ಚೀಟಿ ಹೆಚ್ಚಿಗೆ ಕಿತ್ತುಕೊಂಡರೆ ಅವನ ಹಿಂದಿನವರೆಲ್ಲರ ಹಣೆಬರಹ ಬದಲಾಗುತ್ತದೆ. ಹೊಗೆಯ ಸುರುಳಿ ಎತ್ತ ಬಾಗಬೇಕು ಎಂಬಂಥ ಬರಿಯ ಅಲಂಕಾರಕ್ಕೂ ಇದೇ ಸಾಲಿನಿಂದ ಸಂಖ್ಯೆ ತೆಗೆದರೆ, ಆ ಹೊಗೆ ನನ್ನ ಪರದೆಯಲ್ಲಿದ್ದು ನಿಮ್ಮದರಲ್ಲಿ ಇಲ್ಲದ ಕ್ಷಣದಲ್ಲೇ ಎರಡು ಜಗತ್ತುಗಳು ಬೇರೆಯಾಗುತ್ತವೆ. ಹಾಗಾಗಿ ಜಾಣ ಪ್ರೋಗ್ರಾಮರ್ ಅಲಂಕಾರಕ್ಕೆ ಬೇರೆ ಚೀಟಿ ಪೆಟ್ಟಿಗೆ ಇಡುತ್ತಾನೆ.

ಬೆಟ್ನರ್ ಮತ್ತು ಟೆರಾನೊ ಕೊಡುವ ಉದಾಹರಣೆಯಲ್ಲಿ ಒಂದು ಜಿಂಕೆಯಿದೆ. ಆಟದ ನೆಲದ ನಕ್ಷೆ ಸೃಷ್ಟಿಯಾಗುವಾಗ ಅದು ಒಂದು ಯಂತ್ರದಲ್ಲಿ ಕೂದಲೆಳೆಯಷ್ಟು ಬೇರೆ ಕಡೆ ನಿಂತಿತು. ಮೇಯುತ್ತ ಸ್ವಲ್ಪ ಬೇರೆ ದಾರಿ ಹಿಡಿಯಿತು. ಕೆಲವು ನಿಮಿಷಗಳ ನಂತರ ಒಬ್ಬ ಹಳ್ಳಿಗನ ಹಾದಿ ತುಸು ಓರೆಯಾಯಿತು, ಅಥವಾ ಅವನ ಈಟಿ ಗುರಿ ತಪ್ಪಿತು, ಬರಿಗೈಯಲ್ಲಿ ಮರಳಿದ. ಒಂದು ಕಡೆ ಆಹಾರವಿದೆ, ಇನ್ನೊಂದು ಕಡೆ ಇಲ್ಲ. ಅಲ್ಲಿಂದಾಚೆ ಕಡ್ಡಿ ಗುಡ್ಡವಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಇಂಥ ಬಿರುಕನ್ನು ಹಿಡಿಯಲು ಯಂತ್ರಗಳು ತಮ್ಮ ಜಗತ್ತಿನ ಸಾರವನ್ನು ಒಂದು ಮೊತ್ತಕ್ಕಿಳಿಸಿ ಆಗಾಗ ತಾಳೆ ನೋಡುತ್ತವೆ. ಮೊತ್ತ ಬೇರೆಯಾದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ನಾವು ಹುಡುಗರಾಗಿದ್ದಾಗ ಆಡುತ್ತಿದ್ದ ಯಾವುದೋ ಒಂದು ಆಟ ಹೀಗೆ ನಿಂತಾಗಲೆಲ್ಲ ಗುಂಪಿನ ಒಬ್ಬನ ಮೇಲೆ ಗೂಬೆ ಕೂರಿಸುತ್ತಿದ್ದೆವು. ಅವನು ಸೇರಿದ ದಿನವೇ ಆಟ ಕೆಡುತ್ತದೆ, ಅವನ ಕಾಲ್ಗುಣವೇ ಹಾಗೆ ಎಂಬ ಮಾತಾಯಿತು. ಕೆಲವು ವಾರ ಅವನನ್ನು ಕರೆಯಲೇ ಇಲ್ಲ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಕೆಟ್ಟದ್ದು ಕಾಲ್ಗುಣವಲ್ಲ, ದಶಮಾಂಶದ ಎಷ್ಟನೆಯದೋ ಸ್ಥಾನದ ಒಂದು ಅಂಕಿ. ಕಾರಣ ಕಾಣದಷ್ಟು ಚಿಕ್ಕದಾಗಿ ಪರಿಣಾಮ ಕಣ್ಣು ಕುಕ್ಕುವಷ್ಟು ದೊಡ್ಡದಾಗಿದ್ದರೆ, ನಡುವಿನ ಖಾಲಿ ಜಾಗದಲ್ಲಿ ಯಾರದಾದರೂ ಕಾಲ್ಗುಣವನ್ನು ತುಂಬಿಬಿಡುತ್ತೇವೆ. ಕಂಪ್ಯೂಟರಿನ ಮುಂದೆ ಕುಳಿತವರೂ ಇದಕ್ಕೆ ಹೊರತಲ್ಲ ಎಂಬುದೇ ನನಗೆ ಸಿಟ್ಟು ತರಿಸುವ ಸಂಗತಿ.

ಈ ಚಿಕ್ಕ ಅಂಕಿಯ ದೊಡ್ಡ ಕಥೆ 1961ರದು. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಹವಾಮಾನವನ್ನು ಓಡಿಸುತ್ತಿದ್ದ. ಹಿಂದಿನ ಒಂದು ಓಟವನ್ನು ನಡುವಿನಿಂದ ಮತ್ತೆ ನೋಡಬೇಕೆನಿಸಿ, ಮುದ್ರಿತ ಹಾಳೆಯಲ್ಲಿದ್ದ ಸಂಖ್ಯೆಗಳನ್ನು ತುಂಬಿ ಕಾಫಿಗೆ ಎದ್ದುಹೋದ. ಬಂದು ನೋಡಿದರೆ ಎರಡನೆಯ ಹವಾಮಾನ ಮೊದಲನೆಯದಕ್ಕೆ ಸಂಬಂಧವೇ ಇಲ್ಲದಂತೆ ಸಾಗಿತ್ತು. ಯಂತ್ರದ ಯಾವುದೋ ನಿರ್ವಾತ ನಳಿಕೆ ಕೆಟ್ಟಿರಬೇಕು ಎಂದುಕೊಂಡ. ನಳಿಕೆಗಳೆಲ್ಲ ಸರಿಯಾಗಿಯೇ ಇದ್ದವು. ಯಂತ್ರದೊಳಗೆ ಇದ್ದದ್ದು 0.506127, ಹಾಳೆಯ ಮೇಲೆ ಅಚ್ಚಾಗಿದ್ದದ್ದು 0.506. ಲೊರೆಂಜನ ಹವಾಮಾನಕ್ಕೂ ಆ ಜಿಂಕೆಗೂ ಇರುವ ನಂಟು ಬರಿಯ ಉಪಮೆಯಲ್ಲ, ಎರಡೂ ಒಂದೇ ಗಣಿತ. ಬೇರೆ ಬೇರೆ ಪ್ರೊಸೆಸರುಗಳು, ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಇಳಿಸುವ ಬೇರೆ ಬೇರೆ ಕಂಪೈಲರುಗಳು ದಶಮಾಂಶದ ಬಾಲವನ್ನು ಬೇರೆ ಬೇರೆ ಕಡೆ ಕತ್ತರಿಸಬಲ್ಲವು. ಅದಕ್ಕೇ ಸ್ಟಾರ್‌ಕ್ರಾಫ್ಟ್ ದಶಮಾಂಶದ ಗೊಡವೆಗೇ ಹೋಗದೆ ಘಟಕಗಳ ಆಯುಸ್ಸನ್ನು 256ನೇ ಒಂದು ಭಾಗದ ಪೂರ್ಣಾಂಕಗಳಲ್ಲಿ ಎಣಿಸುತ್ತದೆ. ಮೀಟರಿನಲ್ಲಿ ಅಳೆದು ಚುಕ್ಕೆಯಿಡುವ ಬದಲು ಮಿಲಿಮೀಟರಿನಲ್ಲೇ ಅಳೆದಂತೆ. ಪೂರ್ಣಾಂಕಕ್ಕೆ ಬಾಲವಿಲ್ಲ.

ಈಗ ರಿಮಾಸ್ಟರ್ ಮಾಡಲು ಕುಳಿತವನ ಸ್ಥಿತಿಯನ್ನು ಊಹಿಸಿ. ಡ್ರಾಗೂನ್ ದಾರಿ ಹುಡುಕುವ ಲೆಕ್ಕವನ್ನು ಒಂದಿಷ್ಟು ತಿದ್ದಿದರೂ ಅದು ಬೇರೆ ಜಗತ್ತು. ಅದೇ ಆಟದ ಹಳೆಯ ಚಿತ್ರಗಳ ಆವೃತ್ತಿಯನ್ನು 2017ರಲ್ಲಿ ಉಚಿತವಾಗಿ ಬಿಟ್ಟಿದ್ದರು. ಅದನ್ನು ಆಡುವವನೂ ಹೊಸ ಚಿತ್ರಗಳಿಗೆ ಹಣ ಕೊಟ್ಟವನೂ ಒಂದೇ ರಣರಂಗದಲ್ಲಿ ಎದುರಾಗಬಹುದು. ಒಬ್ಬನಿಗೆ ಕಾಣುವುದು ಚುಕ್ಕೆಗೊಂಬೆ, ಇನ್ನೊಬ್ಬನಿಗೆ ಮಿರುಗುವ ಕವಚ. ಕೆಳಗಿನ ಲೆಕ್ಕ ಮಾತ್ರ ಅಂಕಿ ಅಂಕಿಗೂ ಒಂದೇ. ಗಣಿ ಕೆಲಸಗಾರರನ್ನೇ ನೋಡಿ. ಅವರು ಖನಿಜ ತರುವಾಗ ಒಬ್ಬರ ಮೈಯೊಳಗಿಂದ ಒಬ್ಬರು ದೆವ್ವಗಳಂತೆ ನುಸುಳುತ್ತಾರೆ. ಇದು ಅವಸರದ ತೇಪೆ. ದಾರಿ ಹುಡುಕುವ ಲೆಕ್ಕ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದುದರಿಂದ, ಆ ಹೊತ್ತಿನಲ್ಲಿ ಡಿಕ್ಕಿಯನ್ನೇ ರದ್ದು ಮಾಡಲಾಯಿತು ಎಂದು ಆಟದ ಪ್ರೋಗ್ರಾಮರುಗಳಲ್ಲೊಬ್ಬನಾದ ಪ್ಯಾಟ್ರಿಕ್ ವ್ಯಾಟ್ ಮುಂದೆ ಹೇಳಿಕೊಂಡಿದ್ದಾನೆ. ಆಟಗಾರರು ಆ ತೇಪೆಯನ್ನೇ ಆಯುಧ ಮಾಡಿಕೊಂಡರು: ಶತ್ರು ದಾರಿಗೆ ಅಡ್ಡ ನಿಂತರೆ ಕೆಲಸಗಾರನಿಗೆ ಆಚೆ ಬದಿಯ ಖನಿಜ ತೋರಿಸಿದರಾಯಿತು, ಗೋಡೆಯೊಳಗಿಂದ ಹಾದುಹೋಗುತ್ತಾನೆ. ದೋಷವೆಂದು ಇದನ್ನು ತೆಗೆದಿದ್ದರೆ ಆಟದ ಒಂದು ನಿಯಮವೇ ಹೋಗುತ್ತಿತ್ತು. ಇನ್ನೂ ವಿಚಿತ್ರ: ಮೆಮೊರಿಯ ಒಂದು ದೋಷವನ್ನೇ ನೆಚ್ಚಿಕೊಂಡು ಅಭಿಮಾನಿಗಳು ಕಟ್ಟಿದ್ದ ನಕ್ಷೆಗಳಿದ್ದವು. ಅವು ಓಡಲೆಂದು ರಿಮಾಸ್ಟರ್ ತಂಡ ಹಳೆಯ ಮೆಮೊರಿ ಇದ್ದಂತೆ ನಟಿಸುವ ಒಂದು ಪದರವನ್ನೇ ಹೊಸದಾಗಿ ಬರೆಯಬೇಕಾಯಿತು. ದೋಷವನ್ನು ಸರಿಪಡಿಸುವುದಕ್ಕಿಂತ ಅದನ್ನು ಹುಬೇಹೂಬು ಮರುಸೃಷ್ಟಿಸುವುದು ಕಷ್ಟ.

ಈ ವಿಧಾನಕ್ಕೆ ಬೆಲೆಯೂ ಇದೆ. ಪ್ರತಿ ಯಂತ್ರವೂ ಇಡೀ ಜಗತ್ತನ್ನು ಓಡಿಸುವುದರಿಂದ ಎದುರಾಳಿಯ ಗುಟ್ಟೆಲ್ಲ ನಿಮ್ಮ ಯಂತ್ರದೊಳಗೇ ಇರುತ್ತದೆ. ನಿಮ್ಮವರ ಕಣ್ಣಿಗೆ ಬೀಳದ ಜಾಗವನ್ನು ನಕ್ಷೆಯಲ್ಲಿ ಮುಚ್ಚಿರುವ ಕತ್ತಲೆ ಬರಿಯ ತೆರೆ. ಅದನ್ನು ಸರಿಸಿ ಇಣುಕುವ ಮೋಸದ ಪ್ರೋಗ್ರಾಂಗಳು ಹುಟ್ಟಿಕೊಂಡದ್ದು ಇದೇ ಬಿರುಕಿನಲ್ಲಿ, ಅದನ್ನು ಪೂರ್ತಿ ಮುಚ್ಚುವುದು ಸುಲಭವಲ್ಲ.

ಲಾಭವೆಂದರೆ ಮರುಪ್ರದರ್ಶನ. ಮುಗಿದ ಪಂದ್ಯವನ್ನು ಉಳಿಸಿಕೊಂಡರೆ ಆ ಕಡತದಲ್ಲಿ ವಿಡಿಯೊ ಇರುವುದಿಲ್ಲ. ಬೀಜಸಂಖ್ಯೆ, ಆಜ್ಞೆಗಳು, ಅವು ಜಾರಿಯಾದ ಹೊತ್ತು, ಇಷ್ಟೇ. ತೆರೆದಾಗ ಯಂತ್ರ ಯುದ್ಧವನ್ನು ಮೊದಲಿನಿಂದ ಮತ್ತೆ ಹೋರಾಡುತ್ತದೆ.

ಕಳೆದ ವಾರ ನಾನು ಸೋತ ಒಂದು ಪಂದ್ಯವನ್ನು ಹಾಗೆ ತೆರೆದು ನೋಡಿದೆ. ಹನ್ನೊಂದನೇ ನಿಮಿಷದಲ್ಲಿ ನನ್ನ ಕೊನೆಯ ಡ್ರಾಗೂನ್ ಇಳಿಜಾರಿನ ಬುಡದಲ್ಲಿ ಹಿಂದೆಮುಂದೆ ನೋಡಿ, ತಪ್ಪು ಕಡೆಗೆ ತಿರುಗಿ ಶತ್ರುವಿನ ಬಾಯಿಗೆ ಬಿತ್ತು. ಎರಡನೆಯ ಸಲ ಹಳೆಯ ಚಿತ್ರಗಳಲ್ಲಿ ನೋಡಿದೆ, ಅಲ್ಲೇ ತಿರುಗಿತು. ಮೂರನೆಯ ಸಲ, ಇಷ್ಟೆಲ್ಲ ತಿಳಿದಿದ್ದೂ, ಅದು ಇಳಿಜಾರಿನ ಬಳಿಗೆ ಬಂದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ಬಲಕ್ಕೆ ವಾಲಿದ್ದೆ.