ಬಿ-ಸಿನಿಮಾ ಅಂದರೇನು? ರೇ ಮಿಲ್ಯಾಂಡ್ ಅವರ ಹಾರರ್ ಪಾತ್ರಗಳ ಜೊತೆ ಒಂದು ಪರಿಚಯ

ಬಿ-ಸಿನಿಮಾ ಅಂದ ಕೂಡಲೇ ನಮ್ಮಲ್ಲಿ ತುಂಬಾ ಜನ ಎರಡನೇ ದರ್ಜೆಯ ಸಿನಿಮಾ ಅಂದುಕೊಳ್ಳುತ್ತಾರೆ. ಕಳಪೆ ಕಥೆ, ರಟ್ಟಿನ ಸೆಟ್ಟು, ಯಾರೂ ಕೇಳಿರದ ನಟರು. ಹಾಗಾದರೆ ಆಸ್ಕರ್ ಗೆದ್ದ ನಟನೊಬ್ಬ, ಸ್ವತಃ ನಿರ್ದೇಶಕನೂ ಆಗಿದ್ದವನು, ಇಂಥ ಸಿನಿಮಾಗಳಲ್ಲಿ ಸಾಲಾಗಿ ಕಾಣಿಸಿಕೊಂಡರೆ ಏನನ್ನಬೇಕು? 'ಪಾಪ, ಕೊನೆಗಾಲದಲ್ಲಿ ಹೀಗಾಯ್ತು' ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ರೇ ಮಿಲ್ಯಾಂಡ್ ಬಗ್ಗೆ ಈ ಮಾತು ಬಹಳ ಸಲ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ಬಿ-ಸಿನಿಮಾದ ಲೆಕ್ಕಾಚಾರ ಗೊತ್ತಾಗಬೇಕು.

1930ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಜನ ಥಿಯೇಟರಿಗೆ ಬರುವುದು ಕಡಿಮೆಯಾಯಿತು. ಅವರನ್ನು ಸೆಳೆಯಲು ಮಾಲೀಕರು ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸತೊಡಗಿದರು. ಅದರಲ್ಲಿ ಒಂದು ಸ್ಟಾರ್‌ಗಳಿದ್ದ, ದೊಡ್ಡ ಬಜೆಟ್ಟಿನ ಸಿನಿಮಾ. ಅದು 'ಎ'. ಅದರ ಜೊತೆಗೆ ಬರುತ್ತಿದ್ದ, ಒಂದು ಗಂಟೆಯ ಆಸುಪಾಸಿನ ಚಿಕ್ಕ ಸಿನಿಮಾ 'ಬಿ'.

ಮುಖ್ಯವಾದ ವ್ಯತ್ಯಾಸ ಇದ್ದದ್ದು ದುಡ್ಡಿನಲ್ಲಿ. ಎ-ಸಿನಿಮಾಕ್ಕೆ ಕಲೆಕ್ಷನ್‌ನಲ್ಲಿ ಪಾಲು ಸಿಗುತ್ತಿತ್ತು. ಬಿ-ಸಿನಿಮಾಕ್ಕೆ ಸಾಮಾನ್ಯವಾಗಿ ಇಂತಿಷ್ಟು ಅಂತ ಮೊದಲೇ ಗೊತ್ತಾದ ಬಾಡಿಗೆ. ಹೌಸ್‌ಫುಲ್ ಆದರೂ ಅಷ್ಟೇ, ಕುರ್ಚಿಗಳು ಖಾಲಿ ಹೊಡೆದರೂ ಅಷ್ಟೇ. ಅಂದರೆ ಎಷ್ಟು ಬರುತ್ತದೆ ಅನ್ನುವುದು ನಿರ್ಮಾಪಕನಿಗೆ ಮುಂಚೆಯೇ ಗೊತ್ತು. ಖರ್ಚು ಅದಕ್ಕಿಂತ ಕೆಳಗಿದ್ದರೆ ಲಾಭ. ಬಿ-ಸಿನಿಮಾದ ಬೇರೆ ಗುಣಗಳೆಲ್ಲ ಹುಟ್ಟಿದ್ದು ಈ ಒಂದು ಲೆಕ್ಕದಿಂದ: ಬೇಗ ಮುಗಿಯುವ ಶೂಟಿಂಗ್, ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ಟನ್ನೇ ಮತ್ತೆ ಬಳಸುವುದು, ಎರಡನೇ ಟೇಕ್‌ಗೆ ಆಸ್ಪದ ಕೊಡದಿರುವುದು. ಮೊನೊಗ್ರಾಮ್, ರಿಪಬ್ಲಿಕ್‌ನಂಥ ಕಂಪನಿಗಳ ಮುಖ್ಯ ಕಸುಬೇ ಇದಾಗಿತ್ತು.

ಈ ವ್ಯವಸ್ಥೆ ಬಹಳ ಕಾಲ ಉಳಿಯಲಿಲ್ಲ. ದೊಡ್ಡ ಸ್ಟುಡಿಯೋಗಳು ಥಿಯೇಟರುಗಳನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದರ ವಿರುದ್ಧ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಿಂದೆಯೇ ಟಿವಿ ಬಂತು. ಹಳೆಯ ಅರ್ಥದ ಬಿ-ಸಿನಿಮಾ ಮುಗಿಯಿತು, ಹೆಸರು ಮಾತ್ರ ಉಳಿಯಿತು. 1950ರ ದಶಕದಿಂದ ಆಚೆಗೆ ಅದು ಕಡಿಮೆ ದುಡ್ಡಿನಲ್ಲಿ ಮಾಡಿದ ಹಾರರ್, ಸೈನ್ಸ್ ಫಿಕ್ಷನ್, ಕ್ರೈಮ್ ಸಿನಿಮಾಗಳಿಗೆ ಅಂಟಿಕೊಂಡಿತು. ಈ ಹೊಸ ಕಾಲದ ದೊಡ್ಡ ಹೆಸರು ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್. ಸುಮ್ನೆ ಎಐಪಿ ಅಂತಾರೆ. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಕಟ್ಟಿದ ಕಂಪನಿ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳಿಗೆ ಬರುತ್ತಿದ್ದ ಹುಡುಗ ಹುಡುಗಿಯರೇ ಇವರ ಪ್ರೇಕ್ಷಕರು. ಎಷ್ಟೋ ಸಲ ಹೆಸರು, ಪೋಸ್ಟರ್ ಮೊದಲು ತಯಾರಾಗುತ್ತಿತ್ತು, ಕಥೆ ಆಮೇಲೆ.

ಹಾರರ್ ಇವರಿಗೆ ಚೆನ್ನಾಗಿ ಒಗ್ಗಿತು. ಕತ್ತಲೆಯಲ್ಲಿ ಸೆಟ್ಟಿನ ಬಡತನ ಕಾಣುವುದಿಲ್ಲ. ಭಯಕ್ಕೆ ಸ್ಟಾರ್ ಬೇಕೇ ಬೇಕು ಅಂತಿಲ್ಲ. ಆದರೂ ಪೋಸ್ಟರ್ ಮೇಲೆ ಜನ ಗುರುತಿಸುವ ಒಂದು ಹೆಸರಿದ್ದರೆ ವಿತರಕರು ಸಲೀಸಾಗಿ ಒಪ್ಪುತ್ತಾರೆ. ಬೇಡಿಕೆ ಉತ್ತುಂಗದಲ್ಲಿರುವ ಸ್ಟಾರ್‌ನ ಕಾಲ್‌ಶೀಟ್ ಇವರ ಕೈಗೆ ಎಟಕುವುದಿಲ್ಲ. ಒಂದು ಕಾಲಕ್ಕೆ ಮೆರೆದು, ಈಗ ನಾಯಕನ ಪಾತ್ರಗಳು ಬರದಿರುವ ಹಿರಿಯ ನಟ ಸಿಗಬಹುದು. ಮಿಲ್ಯಾಂಡ್ ಇಲ್ಲಿಗೆ ಬಂದದ್ದು ಹೀಗೆ.

ವೇಲ್ಸ್‌ನ ನೀತ್ ಅವರ ಊರು. 1945ರ 'ದಿ ಲಾಸ್ಟ್ ವೀಕೆಂಡ್'ನಲ್ಲಿ ಕುಡಿತ ಬಿಡಲಾರದ ಬರಹಗಾರನ ಪಾತ್ರಕ್ಕೆ ಆಸ್ಕರ್ ಬಂತು. ಅದೇ ಪಾತ್ರಕ್ಕೆ 1946ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿಯೂ ಸಿಕ್ಕಿತು. 1954ರಲ್ಲಿ ಹಿಚ್‌ಕಾಕ್ ಅವರ 'ಡಯಲ್ ಎಂ ಫಾರ್ ಮರ್ಡರ್'ನಲ್ಲಿ ಹೆಂಡತಿಯನ್ನು ಕೊಲ್ಲಿಸಲು ತಣ್ಣಗೆ ಯೋಜನೆ ಹಾಕುವ ಗಂಡ ಅವರೇ. ಮರುವರ್ಷ ನಿರ್ದೇಶನಕ್ಕೆ ಇಳಿದರು. ಮೊದಲ ಚಿತ್ರ 'ಎ ಮ್ಯಾನ್ ಅಲೋನ್' ಮಾಡಿದ್ದು ಬಿ-ಸಿನಿಮಾಗಳ ಮನೆಯಾಗಿದ್ದ ರಿಪಬ್ಲಿಕ್ ಕಂಪನಿಗೆ. ಇದನ್ನು ಗಮನಿಸಬೇಕು. ಸಣ್ಣ ಬಜೆಟ್ಟಿನಲ್ಲಿ ಕೆಲಸ ತೆಗೆಯುವುದು ಹೇಗೆ ಅನ್ನುವುದನ್ನು ಅವರು ಕ್ಯಾಮೆರಾದ ಹಿಂದೆ ನಿಂತೂ ನೋಡಿದ್ದರು.

1962ರಲ್ಲಿ, ಕಡಿಮೆ ದುಡ್ಡಿನ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ರೋಜರ್ ಕಾರ್ಮನ್ 'ದಿ ಪ್ರಿಮೆಚ್ಯೂರ್ ಬರಿಯಲ್' ಮಾಡಿದರು. ಅಮೆರಿಕದ ಹಳೆಯ ಕಾಲದ ಭಯಾನಕ ಕಥೆಗಾರ ಎಡ್ಗರ್ ಅಲನ್ ಪೋ ಅವರ ಕಥೆ. ಕಾರ್ಮನ್ ಅವರ ಪೋ ಚಿತ್ರಗಳಿಗೆ ಖಾಯಂ ಆಗಿದ್ದವರು ನಟ ವಿನ್ಸೆಂಟ್ ಪ್ರೈಸ್. ಆದರೆ ಪ್ರೈಸ್ ಅವರ ಒಪ್ಪಂದ ಎಐಪಿ ಜೊತೆಗಿತ್ತು, ಕಾರ್ಮನ್ ಈ ಸಲ ಬೇರೆ ಬಂಡವಾಳದಲ್ಲಿ ಹೊರಟಿದ್ದರು. ಹಾಗಾಗಿ ಪಾತ್ರ ಮಿಲ್ಯಾಂಡ್ ಪಾಲಿಗೆ ಬಂತು. ಕೊನೆಗೆ ಎಐಪಿ ಆ ಚಿತ್ರವನ್ನೂ ತನ್ನದಾಗಿಸಿಕೊಂಡಿತು.

ಜೀವ ಇರುವಾಗಲೇ ಹೂತುಬಿಡುತ್ತಾರೆ ಅನ್ನುವ ಭಯದಲ್ಲಿ ಬದುಕುವ ಮನುಷ್ಯನ ಕಥೆ ಇದು. ಅವನು ತನಗಾಗಿ ಒಂದು ಸಮಾಧಿ ಕಟ್ಟಿಸಿಕೊಳ್ಳುತ್ತಾನೆ. ಅದರೊಳಗೆ ನಿಂತು ತಪ್ಪಿಸಿಕೊಳ್ಳುವ ಒಂದೊಂದು ದಾರಿಯನ್ನೂ ತೋರಿಸುವ ದೃಶ್ಯವಿದೆ. ಒಳಗಿನಿಂದಲೇ ತೆರೆಯುವ ಶವಪೆಟ್ಟಿಗೆ, ಉಪಕರಣಗಳು, ಗೋಡೆ ಒಡೆಯಲು ಡೈನಮೈಟ್. ಯಾವುದೂ ಆಗದಿದ್ದರೆ ಕೊನೆಗೆ ಒಂದು ಬಟ್ಟಲು ವಿಷ. ಮಿಲ್ಯಾಂಡ್ ಇಲ್ಲಿ ಭಯವನ್ನು ತೋರಿಸಲು ಹೋಗುವುದಿಲ್ಲ. ಹೊಸ ಮನೆ ಕಟ್ಟಿಸಿದವನು ನೆಂಟರಿಗೆ ಕೋಣೆ ಕೋಣೆ ತೋರಿಸುವ ಹಾಗೆ ಸಂಭ್ರಮಪಡುತ್ತಾರೆ. ಆ ಸಂಭ್ರಮ ನೋಡಿಯೇ ನಮಗೆ ಮೈ ಜುಮ್ಮೆನ್ನುತ್ತದೆ. ಮುಂದೆ ಅವನ ಕನಸಿನಲ್ಲಿ ಒಂದೊಂದೇ ದಾರಿ ಕೈಕೊಡುತ್ತದೆ. ಬಟ್ಟಲಿನಲ್ಲಿ ವಿಷದ ಬದಲು ಹುಳಗಳು. ಇದಕ್ಕೆ ಬೇಕಾಗಿದ್ದು ಒಂದು ಸೆಟ್ಟು ಮತ್ತು ಒಬ್ಬ ಒಳ್ಳೆಯ ನಟ, ಅಷ್ಟೇ.

ಅದೇ ವರ್ಷ ಮಿಲ್ಯಾಂಡ್ ಎಐಪಿಗೆ 'ಪ್ಯಾನಿಕ್ ಇನ್ ಇಯರ್ ಝೀರೋ' ನಿರ್ದೇಶಿಸಿ, ನಟಿಸಿದರು. ಲಾಸ್ ಏಂಜಲೀಸ್ ಮೇಲೆ ಅಣುಬಾಂಬ್ ಬೀಳುತ್ತದೆ. ಆಗಷ್ಟೇ ಊರು ಬಿಟ್ಟಿದ್ದ ಒಂದು ಕುಟುಂಬ ಬದುಕುಳಿಯಲು ಏನೇನು ಮಾಡುತ್ತದೆ ಅನ್ನುವುದು ಕಥೆ. ಇದನ್ನು ಹಾರರ್ ಅನ್ನಲಾಗದು. ಆದರೆ ಇದರಲ್ಲಿ ಸಭ್ಯನಾದ ಅಪ್ಪ ಹಂತಹಂತವಾಗಿ ಒರಟಾಗುವ ರೀತಿ ಎಷ್ಟೋ ದೆವ್ವದ ಸಿನಿಮಾಗಳಿಗಿಂತ ಜಾಸ್ತಿ ಹೆದರಿಸುತ್ತದೆ.

ಇವೆಲ್ಲದರ ಪೈಕಿ ನನ್ನ ಆಯ್ಕೆ 1963ರ 'ಎಕ್ಸ್: ದಿ ಮ್ಯಾನ್ ವಿತ್ ದಿ ಎಕ್ಸ್-ರೇ ಐಸ್'. ಕಾರ್ಮನ್ ಇದನ್ನು ಸುಮಾರು ಮೂರು ವಾರದಲ್ಲಿ ಶೂಟ್ ಮಾಡಿದರು. ಡಾಕ್ಟರ್ ಝೇವಿಯರ್ ಕಣ್ಣಿಗೆ ತಾನೇ ಕಂಡುಹಿಡಿದ ಔಷಧಿ ಹಾಕಿಕೊಳ್ಳುತ್ತಾನೆ. ಮೊದಲು ಬಟ್ಟೆಯ ಆಚೆ ಕಾಣುತ್ತದೆ, ಆಮೇಲೆ ಚರ್ಮದ ಆಚೆ, ಗೋಡೆಗಳ ಆಚೆ. ಕಣ್ಣು ಮುಚ್ಚಿಕೊಂಡರೂ ಪ್ರಯೋಜನವಿಲ್ಲ, ರೆಪ್ಪೆಯ ಆಚೆಯೂ ಕಾಣುತ್ತದೆ. ಅವನಿಗೆ ಕಾಣುವುದನ್ನು ನಮಗೆ ಪೂರ್ತಿ ತೋರಿಸಲು ಆ ಬಜೆಟ್ಟಿನಲ್ಲಿ ಸಾಧ್ಯವೇ ಇರಲಿಲ್ಲ. ಆ ಭಾರವನ್ನೆಲ್ಲ ಮಿಲ್ಯಾಂಡ್ ದನಿ ಹೊರುತ್ತದೆ. ಇಡೀ ನಗರ ಮಾಂಸ ಕರಗಿಹೋಗಿ ಬರೀ ಉಕ್ಕಿನ ಅಸ್ಥಿಪಂಜರವಾಗಿ ನಿಂತಿದೆ ಅಂತ ಅವರು ಬಣ್ಣಿಸುವಾಗ ನಾವು ಅದನ್ನು ನೋಡಿಬಿಡುತ್ತೇವೆ. ಕುಡುಕನ ಪಾತ್ರದಲ್ಲಿ ಪ್ರಶಸ್ತಿ ತಂದುಕೊಟ್ಟದ್ದೂ ಇದೇ ಶಕ್ತಿ ಅಲ್ವಾ? ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತಿದ್ದೇನೆ ಅಂತ ಗೊತ್ತಿದ್ದೂ ನಿಲ್ಲಿಸಲಾಗದ ಮನುಷ್ಯ. ಅದೇ ನಟನೆ, ಅದೇ ಶ್ರದ್ಧೆ. ಬದಲಾದದ್ದು ಬಂಡವಾಳ ಮಾತ್ರ.

1970ರ ದಶಕದ ಚಿತ್ರಗಳ ಮಟ್ಟ ಒಂದೇ ಥರ ಇಲ್ಲ. 1972ರ 'ದಿ ಥಿಂಗ್ ವಿತ್ ಟೂ ಹೆಡ್ಸ್'ನಲ್ಲಿ ಅವರು ಜನಾಂಗದ್ವೇಷ ತುಂಬಿದ ಸರ್ಜನ್. ಸಾಯುವ ಹೊತ್ತಿಗೆ ಅವನ ತಲೆಯನ್ನು ಕಪ್ಪು ಕೈದಿಯೊಬ್ಬನ ದೇಹಕ್ಕೆ ಜೋಡಿಸುತ್ತಾರೆ. ಕೈದಿಯಾಗಿ ಅಮೆರಿಕನ್ ಫುಟ್‌ಬಾಲ್ ಆಟಗಾರನಾಗಿದ್ದ ರೋಸಿ ಗ್ರಿಯರ್. ಯೋಚನೆ ಚುರುಕಾಗಿದೆ, ಆದರೆ ಸಿನಿಮಾ ಅದನ್ನು ಅರ್ಧಕ್ಕೇ ಬಿಟ್ಟು ಬೈಕ್ ಚೇಸ್ ಹಿಂದೆ ಓಡುತ್ತದೆ. ಅದೇ ವರ್ಷದ 'ಫ್ರಾಗ್ಸ್' ಎಷ್ಟೋ ವಾಸಿ. ಗಾಲಿಕುರ್ಚಿಯಲ್ಲಿ ಕೂತ ಶ್ರೀಮಂತ ಮುದುಕ, ಜುಲೈ 4ರಂದು ಅವನ ಹುಟ್ಟುಹಬ್ಬ. ಸುತ್ತ ಹಾವು, ಹಲ್ಲಿ, ಜೇಡಗಳು ಮನೆಯವರನ್ನು ಒಬ್ಬೊಬ್ಬರನ್ನಾಗಿ ಬಲಿ ತೆಗೆದುಕೊಳ್ಳುತ್ತಿದ್ದರೂ ಕಾರ್ಯಕ್ರಮ ನಿಲ್ಲಬಾರದು ಅಂತ ಹಟ ಹಿಡಿಯುತ್ತಾನೆ. ಕಪ್ಪೆಗಳಿಂದ ಯಾರೂ ಹೆದರುವುದಿಲ್ಲ, ನಿಜ. ಆ ಮುದುಕನ ಹಟ ಹೆದರಿಸುತ್ತದೆ.

ಇದು ಮಿಲ್ಯಾಂಡ್ ಒಬ್ಬರ ಕಥೆಯಲ್ಲ. ನಟಿ, ನಿರ್ದೇಶಕಿ ಐಡಾ ಲುಪಿನೋ ಕೂಡ ಇದೇ ದಾರಿಯಲ್ಲಿ ನಡೆದವರು. 1953ರಲ್ಲಿ 'ದಿ ಹಿಚ್-ಹೈಕರ್' ನಿರ್ದೇಶಿಸಿದ ಅವರು 1976ರ 'ದಿ ಫುಡ್ ಆಫ್ ದಿ ಗಾಡ್ಸ್'ನಲ್ಲಿ ದೈತ್ಯ ಇಲಿಗಳಿಗೆ ಬಲಿಯಾಗುವ ರೈತ ಹೆಂಗಸು. ನೆಲದಿಂದ ಉಕ್ಕುವ ವಿಚಿತ್ರ ದ್ರವವನ್ನು ದೇವರು ಕೊಟ್ಟದ್ದು ಅಂತ ನಂಬಿ ಕೋಳಿಗಳ ಮೇವಿಗೆ ಬೆರೆಸುವ ಆ ಹೆಂಗಸಿನ ಮುಗ್ಧ ನಂಬಿಕೆಯನ್ನು ಲುಪಿನೋ ಒಂದಿಷ್ಟೂ ಹಗುರ ಮಾಡುವುದಿಲ್ಲ. ಸ್ವಂತ ಕಂಪನಿ ಕಟ್ಟಿ ಕಡಿಮೆ ದುಡ್ಡಿನಲ್ಲೇ ಒಳ್ಳೆಯ ಸಿನಿಮಾ ಮಾಡಿ ತೋರಿಸಿದವರು ಅವರು. ಬಜೆಟ್ ಚಿಕ್ಕದು ಅಂತ ಅವರು ಕೆಲಸವನ್ನು ಚಿಕ್ಕದು ಮಾಡಿದವರಲ್ಲ.

ನೋಡಬೇಕು ಅನ್ನಿಸಿದರೆ 'ಎಕ್ಸ್'ನಿಂದ ಶುರು ಮಾಡಿ. ಆಮೇಲೆ 'ದಿ ಪ್ರಿಮೆಚ್ಯೂರ್ ಬರಿಯಲ್', ಸಮಯವಿದ್ದರೆ 'ಫ್ರಾಗ್ಸ್'. 'ದಿ ಲಾಸ್ಟ್ ವೀಕೆಂಡ್' ನೋಡಿರದಿದ್ದರೆ ಅದನ್ನು 'ಎಕ್ಸ್' ನೋಡಿದ ಅದೇ ವಾರದಲ್ಲಿ ನೋಡಿ. ಎರಡರಲ್ಲೂ ಅವರ ಕಣ್ಣುಗಳನ್ನು ಗಮನಿಸಿ.