ಮೊದಲು ನಿಮ್ಮ ಬಚ್ಚಲುಮನೆ ಎಲ್ಲಿದೆ ಹೇಳಿ

ಕಾಯಿಲೆಯೋ ಪೆಟ್ಟೋ ಆದವರಿಗೆ ಸ್ನಾನ, ಬಟ್ಟೆಯಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ಈ ಕೆಲಸದಲ್ಲಿರುವವರು ಬೇಗನೆ ಕಲಿಯುವ ವಿಷಯ ಒಂದಿದೆ. ಈ ರೋಗಿ ಮತ್ತೆ ಬಂದೇ ಬರುತ್ತಾರೆ ಎಂದು ನಂಬಿಕೊಂಡು ಚಿಕಿತ್ಸೆ ಶುರುಮಾಡುವ ಹಾಗಿಲ್ಲ. ದಾರಿ ದೂರ. ಕರೆದುಕೊಂಡು ಬರಬೇಕಾದವರಿಗೆ ಅಂದಿನ ಕೆಲಸ ಬಿಡಲಾಗುವುದಿಲ್ಲ. ದೊಡ್ಡ ಪುನರ್ವಸತಿ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ನಡೆಯುವ ತರಬೇತಿಯಲ್ಲಿ ತೀರಾ ಬೇಕಾದದ್ದನ್ನು ಮಾತ್ರ ಆರಿಸಿ, ವಾರ್ಡಿನಲ್ಲಿ ಅವರು ಇರುವಷ್ಟು ದಿನಗಳಲ್ಲೇ ಕಲಿಸಿ ಕಳಿಸಬೇಕು.

ಅದಕ್ಕೇ ನಾನು ಕೈ ಎಷ್ಟು ಮೇಲೇಳುತ್ತದೆ ಎಂದು ನೋಡುವ ಮೊದಲು ಮನೆಯ ಬಗ್ಗೆ ಕೇಳುತ್ತೇನೆ. ಬಚ್ಚಲು ಒಳಗಿದೆಯೋ ಹೊರಗೋ? ಎಷ್ಟು ಮೆಟ್ಟಿಲು? ಇಳಿಯುವಾಗ ಹಿಡಿದುಕೊಳ್ಳಲು ಗೋಡೆ ಎಡಕ್ಕಿದೆಯೋ ಬಲಕ್ಕೋ? ರಾತ್ರಿ ಎದ್ದರೆ ಜೊತೆಗೆ ಯಾರು ಬರುತ್ತಾರೆ? ಮನೆಯವರ ಬಳಿ ಫೋನ್ ಇದ್ದರೆ ಮಂಚದಿಂದ ಬಚ್ಚಲಿನವರೆಗೆ ನಡೆದುಕೊಂಡು ಹೋಗಿ ವಿಡಿಯೋ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಬಾಯಲ್ಲಿ ಹೇಳುವಾಗ ಯಾರಿಗೂ ನೆನಪಾಗದ ಹೊಸ್ತಿಲು ವಿಡಿಯೋದಲ್ಲಿ ಕಾಣುತ್ತದೆ.

ಗಾಲಿಕುರ್ಚಿ ಹೋಗಬೇಕಾದ ಮನೆಯಾದರೆ ಅಳತೆ ಬೇಕೇ ಬೇಕು. ಬಾಗಿಲಿಗೆ ಸುಮಾರು 80 ಸೆಂಟಿಮೀಟರ್ ಅಗಲ ಇರಬೇಕು. ಇಳಿಜಾರು ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಅಂದರೆ ಎರಡು ಅಡಿ ಎತ್ತರದ ಜಗಲಿಗೆ 24 ಅಡಿ. ಇದನ್ನು ಕೇಳಿದವರು ಬೆಚ್ಚುತ್ತಾರೆ. ಹೇಳದೆ ಹೋದರೆ ಮಾತ್ರ ಒಂದು ಮೋಟು ಹಲಗೆ ಒರಗಿಸಿಬಿಡುತ್ತಾರೆ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಇಲ್ಲದಿದ್ದರೆ ಇಬ್ಬರು ಸೇರಿ ಕುರ್ಚಿಯನ್ನು ಮೆಟ್ಟಿಲು ಹತ್ತಿಸುವುದನ್ನು ಇಲ್ಲೇ ಅಭ್ಯಾಸ ಮಾಡಿಸಿ ಕಳಿಸುವುದೇ ವಾಸಿ.

ನಮ್ಮ ಈ ವೃತ್ತಿಗೂ ಮನೆಗೂ ಹಳೆಯ ನಂಟು. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಸೇರಿ ಇದಕ್ಕೊಂದು ಸಂಘ ಕಟ್ಟಿದವರಲ್ಲಿ ಜಾರ್ಜ್ ಬಾರ್ಟನ್ ಒಬ್ಬರು. ಅವರು ವೈದ್ಯರಲ್ಲ, ಕಟ್ಟಡಗಳ ನಕ್ಷೆ ಬರೆಯುವವರು. ಎಡಭಾಗದ ಸ್ವಾಧೀನ ತಪ್ಪಿದ ಮೇಲೆ ತೋಟದ ಕೆಲಸ, ಮರಗೆಲಸ ಮಾಡುತ್ತಲೇ ಚೇತರಿಸಿಕೊಂಡವರು. ದಿನನಿತ್ಯದ ಕೆಲಸವೇ ಮದ್ದು ಎಂಬ ಅವರ ನಂಬಿಕೆ ರೈತಾಪಿ ಜನರ ನಡುವೆ ಇರುವ ನನಗೆ ಇಂದಿಗೂ ದಾರಿ ತೋರಿಸುತ್ತದೆ.

ವಾರ್ಡಿನಲ್ಲಿ ಹೆಚ್ಚಾಗಿ ನೋಡುವುದು ಪಾರ್ಶ್ವವಾಯುವಾದವರನ್ನು. ಅಂಗಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಅಂಗಿಯನ್ನು ತೊಡೆಯ ಮೇಲೆ ಬೆನ್ನಿನ ಭಾಗ ಮೇಲಿರುವಂತೆ, ಕಾಲರ್ ಮೊಣಕಾಲಿನ ಕಡೆಗೆ ಬರುವಂತೆ ಹರಡಬೇಕು. ಬಲವಿಲ್ಲದ ಕೈಯನ್ನು ಸರಿಯಿರುವ ಕೈಯಿಂದ ಎತ್ತಿ ಮೊದಲು ಅದರ ತೋಳಿಗೆ ತೂರಿಸಬೇಕು. ತೋಳು ಮೊಣಕೈ ದಾಟಿ ಮೇಲೆ ಬರುವವರೆಗೆ ಎಳೆದುಕೊಳ್ಳಬೇಕು, ಅರ್ಧಕ್ಕೆ ಬಿಟ್ಟರೆ ಜಾರಿ ಬೀಳುತ್ತದೆ. ಆಮೇಲೆ ಇನ್ನೊಂದು ಕೈ. ಬಿಚ್ಚುವಾಗ ಸರಿಯಿರುವ ಕೈ ಮೊದಲು, ಬಲವಿಲ್ಲದ್ದು ಕೊನೆಗೆ. ಯಾರ ನೆರವೂ ಇಲ್ಲದೆ ಮೊದಲ ಸಲ ಗುಂಡಿ ಹಾಕಿಕೊಂಡವರ ಮುಖ ನೋಡಿದರೆ ಇದನ್ನು ಸಣ್ಣ ಸಂಗತಿ ಎಂದು ಯಾರೂ ಅನ್ನಲಾರರು.

ಮನೆಯವರಿಗೆ ಕಲಿಸುವುದರಲ್ಲಿ ಮೊದಲನೆಯದು ಆ ಸೋತ ಕೈಯನ್ನು ಹಿಡಿದು ಎಳೆಯಬಾರದು ಎಂಬುದು. ಪ್ರೀತಿಯಿಂದಲೇ ಎಳೆಯುತ್ತಾರೆ, ಎಬ್ಬಿಸಲೆಂದು. ಸುತ್ತಲಿನ ಸ್ನಾಯುಗಳಲ್ಲಿ ಬಿಗಿ ಇಲ್ಲದ ಭುಜದ ಕೀಲು ಆಗ ಜಾಗದಿಂದ ಸರಿಯುತ್ತದೆ. ಆಮೇಲೆ ಬರುವ ಭುಜದ ನೋವು ತಿಂಗಳಾನುಗಟ್ಟಲೆ ಎಲ್ಲ ಅಭ್ಯಾಸಕ್ಕೂ ಅಡ್ಡ ಬರುತ್ತದೆ. ಸೊಂಟದ ಹತ್ತಿರ ಹಿಡಿಯಿರಿ, ಅವರು ಮುಂದಕ್ಕೆ ಬಾಗಿದ ಮೇಲೆ ಎಬ್ಬಿಸಿ ಎಂದು ಹೇಳಿ, ನನ್ನ ಎದುರಿಗೇ ಮಾಡಿಸುತ್ತೇನೆ. "ಗೊತ್ತಾಯ್ತು ಮೇಡಂ" ಎಂಬ ಮಾತಿಗೆ ನಾನು ನಿಲ್ಲುವುದಿಲ್ಲ. ಕೈಯಾರೆ ಮಾಡಿ ತೋರಿಸಬೇಕು.

ಇನ್ನೊಂದನ್ನು ಮನೆಯವರು ತಪ್ಪು ತಿಳಿಯುತ್ತಾರೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಿರುತ್ತದೆ, ಆದರೂ ತಟ್ಟೆಯ ಎಡ ಅರ್ಧದ ಊಟ ಹಾಗೇ ಉಳಿಯುತ್ತದೆ, ಗಡ್ಡ ಒಂದೇ ಕೆನ್ನೆಯಲ್ಲಿ ಹೋಗಿರುತ್ತದೆ. "ಹಟ ಮಾಡ್ತಾರೆ" ಎಂದು ಬೈಸಿಕೊಳ್ಳುವವರು ಇವರೇ. ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ ಅದು ಕಾಣುವವರೆಗೆ ತಲೆ ತಿರುಗಿಸಲು ಅಭ್ಯಾಸ ಮಾಡಿಸುತ್ತೇವೆ. ಇದು ಕಾಯಿಲೆಯ ಭಾಗ ಎಂದು ಹೆಂಡತಿಗೋ ಮಗನಿಗೋ ತಿಳಿಸಿ ಹೇಳುವುದೂ ಚಿಕಿತ್ಸೆಯೇ.

ಯಂತ್ರಕ್ಕೆ ಸಿಕ್ಕಿ ಕೈ ಕೊಯ್ದುಕೊಂಡವರದ್ದು ಬೇರೆ ಕಥೆ. ಬೆರಳು ಮಡಚುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತುಂಡಾಗಿ ಹೊಲಿಗೆ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಆರು ವಾರ ಸ್ಪ್ಲಿಂಟ್, ಅಂದರೆ ಕೈ ಅಲುಗದಂತೆ ಕಾಯುವ ಪ್ಲಾಸ್ಟಿಕ್ ಪಟ್ಟಿ ಬೇಕು, ಭಾರದ ಕೆಲಸಕ್ಕೆ ಹನ್ನೆರಡು ವಾರ ಕಾಯಬೇಕು. ಅಪಾಯ ಇರುವುದು ನೋವು ಇಳಿದಾಗ. ನೋವಿಲ್ಲವಲ್ಲ ಎಂದು ಸ್ಪ್ಲಿಂಟ್ ಬಿಚ್ಚಿಟ್ಟು ಹಾಲು ಕರೆಯಲು ಕೂರುತ್ತಾರೆ, ಒಳಗಿನ ಹೊಲಿಗೆ ಹರಿಯುತ್ತದೆ. ಹಾಗಾಗಿ ಸ್ಪ್ಲಿಂಟ್ ಕಟ್ಟುವ ದಿನವೇ ಹಸುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಬೇಕು. ಆ ಪ್ಲಾಸ್ಟಿಕ್ಕು ಬಿಸಿನೀರಿಗೆ ಮೆತ್ತಗಾಗುವಂಥದ್ದು. ಒಲೆಯ ಪಕ್ಕದಲ್ಲೋ ಬಿಸಿಲಿಗೆ ನಿಂತ ಗಾಡಿಯೊಳಗೋ ಇಟ್ಟರೆ ಆಕಾರ ಕೆಡುತ್ತದೆ, ಇದನ್ನೂ ಹೇಳಿರಬೇಕು.

ದಾಖಲೆಗೆ ನಾವು ಬಾರ್ಥೆಲ್ ಸೂಚ್ಯಂಕ ಬಳಸುತ್ತೇವೆ. ಊಟ, ಸ್ನಾನ, ನಡಿಗೆಯಂಥ ಕೆಲಸಗಳನ್ನು ರೋಗಿ ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂದು ಅಳೆಯುವ ಪಟ್ಟಿ ಅದು. 1965ರಲ್ಲಿ ಪ್ರಕಟವಾದದ್ದು, ಹತ್ತು ಚಟುವಟಿಕೆ, ನೂರು ಅಂಕ. ಉಪಯೋಗಕ್ಕೆ ಬರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಒಂದೇ ಅಂಕ ಬಂದ ಇಬ್ಬರಲ್ಲಿ ಒಬ್ಬರು ಮಗಳ ಮನೆಗೆ ಹೋಗುತ್ತಾರೆ, ಇನ್ನೊಬ್ಬರು ಒಂಟಿಯಾಗಿರುವ ಮನೆಗೆ. ಯಾರಿಗೆ ಏನು ಕಲಿಸಬೇಕು ಎಂಬುದನ್ನು ಆ ಅಂಕ ಹೇಳುವುದಿಲ್ಲ.

ವಾರ್ಡಿನ ವೈದ್ಯರಲ್ಲಿ, ಸಿಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆ. ಡಿಸ್ಚಾರ್ಜ್ ಚೀಟಿ ಬರೆಯುವ ದಿನ ನಮ್ಮನ್ನು ಕರೆಯಬೇಡಿ. ರೋಗಿಯ ಸ್ಥಿತಿ ಸ್ವಲ್ಪ ನಿಂತಿತು ಎನಿಸಿದ ದಿನವೇ ಹೇಳಿ ಕಳಿಸಿ. ಜೊತೆಯಲ್ಲಿ ಇರುವವರನ್ನು ಬೆಳಗಿನ ಸ್ನಾನ, ಬಟ್ಟೆಯ ಹೊತ್ತಿಗೆ ವಾರ್ಡಿನ ಒಳಗೆ ಬಿಡಿ. ಮನೆಗೆ ಹೋದ ಮೇಲೆ ಅದನ್ನೆಲ್ಲ ಮಾಡಬೇಕಾದವರು ಅವರೇ.